ಹೊಸ ಕೈಗೆ ಯಾವ ತೋಟಾ? ರಿವಾಲ್ವರ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಊರಿನಿಂದ ದೂರದ ಕಾಫಿ ತೋಟದ ಮನೆಯಲ್ಲಿ ಇರುವ ನಾನು ಅರ್ಜಿ ಹಾಕಿ, ತರಬೇತಿ ಮುಗಿಸಿ, ಪರವಾನಗಿ ಪಡೆದು ಕಾನ್ಪುರದ ಕಾರ್ಖಾನೆಯ .32 ರಿವಾಲ್ವರ್ ಕೊಂಡಿದ್ದೇನೆ. ತೋಟಾ ಕೋವಿ ಬಿಟ್ಟರೆ ಬೇರೆ ಆಯುಧ ಹಿಡಿದವನಲ್ಲ. ನನ್ನ ಭಾವನವರ ಬಳಿ .32 ಪಿಸ್ತೂಲು ಇದ್ದು, ತಮ್ಮಲ್ಲಿ ಉಳಿದಿರುವ ಅರ್ಧ ಪೆಟ್ಟಿಗೆ ತೋಟಾಗಳನ್ನು ಅಭ್ಯಾಸಕ್ಕೆ ಕೊಡುವುದಾಗಿ ಹೇಳುತ್ತಿದ್ದಾರೆ. ಎರಡೂ .32 ಆಗಿರುವುದರಿಂದ ಬಳಸಬಹುದಲ್ಲವೇ? ಹೊಸಬನಾದ ನಾನು ಎಂಥ ತೋಟಾ ಆರಿಸಿಕೊಳ್ಳಬೇಕು?
— ಚಿಕ್ಕಮಗಳೂರು ಜಿಲ್ಲೆಯ ಓದುಗರು

ಉತ್ತರ: ಬಳಸಬಾರದು. ನಿಮ್ಮ ರಿವಾಲ್ವರ್‌ಗೆ ಬೇಕಾದದ್ದು .32 ಎಸ್ ಅಂಡ್ ಡಬ್ಲ್ಯು (ಸ್ಮಿತ್ ಅಂಡ್ ವೆಸನ್) ಲಾಂಗ್ ಎಂಬ ತೋಟಾ. ನಿಮ್ಮ ಭಾವನವರ ಪಿಸ್ತೂಲು ಬಹುಪಾಲು .32 ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ಟಲ್), ಅಂದರೆ 7.65 ಮಿ.ಮೀ. ತೋಟಾದ್ದು, ನಮ್ಮ ದೇಶದಲ್ಲಿ ಪರವಾನಗಿದಾರರ ಕೈಯಲ್ಲಿರುವ ‘ಅಶನಿ’ ಪಿಸ್ತೂಲು ಬಳಸುವುದೂ ಇದನ್ನೇ. ಮೊದಲನೆಯದು 1896ರಲ್ಲಿ ರಿವಾಲ್ವರ್‌ಗೆಂದೇ ಬಂದದ್ದು, ಎರಡನೆಯದು 1899ರಲ್ಲಿ ಜಾನ್ ಬ್ರೌನಿಂಗ್ ಸ್ವಯಂಚಾಲಿತ ಪಿಸ್ತೂಲಿಗೆಂದು ರೂಪಿಸಿದ್ದು. ಗುಂಡಿನ ಅಡ್ಡಳತೆ ಹತ್ತಿರ ಹತ್ತಿರ ಒಂದೇ ಆಗಿರುವುದರಿಂದ ಜನ ಎರಡನ್ನೂ ‘ಬತ್ತೀಸ್ ಬೋರ್’ (ಮೂವತ್ತೆರಡರ ನಳಿಗೆ ಅಳತೆ) ಎಂದು ಕರೆಯುತ್ತಾರೆ, ಗೊಂದಲ ಹುಟ್ಟುವುದು ಅಲ್ಲಿಯೇ.

ಅಪಾಯವಿರುವುದು ಪಿಸ್ತೂಲಿನ ತೋಟಾ ರಿವಾಲ್ವರ್‌ಗೆ ಹೊಂದುವುದಿಲ್ಲ ಎಂಬುದರಲ್ಲಲ್ಲ, ಕೆಲವು ರಿವಾಲ್ವರ್‌ಗಳಲ್ಲಿ ಅದು ಸಲೀಸಾಗಿ ಇಳಿದುಬಿಡುತ್ತದೆ ಎಂಬುದರಲ್ಲಿ. ರಿವಾಲ್ವರ್ ತೋಟಾದ ಹಿತ್ತಾಳೆ ಕೇಸಿನ ಉದ್ದ ಸುಮಾರು 23 ಮಿ.ಮೀ., ಪಿಸ್ತೂಲಿನದು 17 ಮಿ.ಮೀ. ಮಾತ್ರ. ರಿವಾಲ್ವರ್ ತೋಟಾಕ್ಕೆ ಬುಡದಲ್ಲಿ ಅಗಲವಾದ ಅಂಚು ಇರುತ್ತದೆ. ಸಿಲಿಂಡರಿನ (ತೋಟಾ ತುಂಬುವ, ತಿರುಗುವ ಉರುಳೆಯ) ಗೂಡಿನ ಬಾಯಿಯಲ್ಲಿ ತೋಟಾ ತಡೆದು ನಿಲ್ಲುವುದು ಈ ಅಂಚಿನಿಂದಲೇ. ಪಿಸ್ತೂಲಿನ ತೋಟಾಕ್ಕೂ ಸಣ್ಣದೊಂದು ಅಂಚು ಇರುವುದರಿಂದ ಅದು ಹೇಗೋ ನಿಂತುಕೊಳ್ಳುತ್ತದೆ, ಹೊಡೆದರೆ ಹಾರಲೂಬಹುದು. ಆದರೆ ಅಮೆರಿಕದ ತಯಾರಕರ ಮಾನಕದಂತೆ .32 ಲಾಂಗ್ ತೋಟಾದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 15,000 ಪೌಂಡ್, .32 ಎಸಿಪಿಯದು 20,500 ಪೌಂಡ್. ಕಡಿಮೆ ಒತ್ತಡಕ್ಕೆಂದು ಕಟ್ಟಿದ ಸಿಲಿಂಡರಿನೊಳಗೆ ಮೂರನೇ ಒಂದು ಪಾಲಿಗಿಂತಲೂ ಹೆಚ್ಚುವರಿ ಒತ್ತಡವನ್ನು ಹಾಕುವ ಸಾಹಸ ಅರ್ಧ ಪೆಟ್ಟಿಗೆ ತೋಟಾದ ಉಳಿತಾಯಕ್ಕಾಗಿ ಬೇಡ. ಮೇಲಾಗಿ, ಅವರ ಪರವಾನಗಿಯ ಲೆಕ್ಕದಲ್ಲಿ ಕೊಂಡ ತೋಟಾವನ್ನು ನೀವು ಹೀಗೆ ಕೈಯಿಂದ ಕೈಗೆ ಪಡೆದರೆ ಇಬ್ಬರೂ ಕಾನೂನಿನ ಮುಂದೆ ತಪ್ಪಿತಸ್ಥರಾಗುತ್ತೀರಿ.

ಆದ್ದರಿಂದ ಆಯ್ಕೆಯ ಮೊದಲ ಹೆಜ್ಜೆ ನಿಮ್ಮ ರಿವಾಲ್ವರ್‌ನ ನಳಿಗೆಯ ಮೇಲೆ ಕೊರೆದಿರುವ ಬರಹವನ್ನು ಓದುವುದು, ಎರಡನೆಯದು ತೋಟಾದ ಬುಡದಲ್ಲಿ ಪ್ರೈಮರಿನ (ಹೊಡೆತಕ್ಕೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆಯ) ಸುತ್ತ ಒತ್ತಿರುವ ಅಕ್ಷರಗಳನ್ನು ಓದುವುದು, ಮೂರನೆಯದು ಎರಡೂ ಒಂದೇ ಎಂದು ಖಾತ್ರಿ ಮಾಡಿಕೊಳ್ಳುವುದು. ಪೆಟ್ಟಿಗೆಯ ಮೇಲಿನ ಚೀಟಿಯನ್ನಷ್ಟೇ ನಂಬಬೇಡಿ. ಮನೆಯಲ್ಲಿ ಪೆಟ್ಟಿಗೆಗಳು ಅದಲುಬದಲಾಗುವುದು ಅಪರೂಪವೇನಲ್ಲ, ಅದರಲ್ಲೂ ಒಂದೇ ಕುಟುಂಬದಲ್ಲಿ ಎರಡು ಆಯುಧಗಳಿರುವಾಗ.

ಇನ್ನು ಯಾವ ಬಗೆಯ ತೋಟಾ ಎಂಬ ಪ್ರಶ್ನೆ. ಈ ವಿಷಯದಲ್ಲಿ ನೀವು ಅದೃಷ್ಟವಂತರು. .32 ಲಾಂಗ್ ಹುಟ್ಟಿನಿಂದಲೇ ಸೌಮ್ಯ ಸ್ವಭಾವದ ತೋಟಾ, ಸುಮಾರು 98 ಗ್ರೇನ್ ಅಂದರೆ 6 ಗ್ರಾಂ ಮೀರಿದ ಗುಂಡನ್ನು ನಿಧಾನವಾಗಿಯೇ ಕಳುಹಿಸುತ್ತದೆ. ಒದೆತ ಕಡಿಮೆ, ಸದ್ದು ಕೂಡ ದೊಡ್ಡ ರಿವಾಲ್ವರ್‌ಗಳಷ್ಟಿಲ್ಲ. ಹಾಗೆಂದು ಕಿವಿಗೆ ರಕ್ಷಣೆಯಿಲ್ಲದೆ ಹೊಡೆಯಬಹುದು ಎಂದು ಅರ್ಥವಲ್ಲ. ‘ಇದು ಶಕ್ತಿಯಿಲ್ಲದ ತೋಟಾ’ ಎಂದು ಅನುಭವಸ್ಥರು ಮೂಗು ಮುರಿಯುವುದುಂಟು. ಹೊಸಬರಿಗೆ ಆ ಕೊರತೆಯೇ ಅನುಕೂಲ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ರಿವಾಲ್ವರ್ 2014ರಲ್ಲಿ ಬಂದ ‘ನಿರ್ಭೀಕ್’ ಆಗಿದ್ದರೆ ಮಾತ್ರ ಒಂದು ಎಚ್ಚರಿಕೆ ಹೇಳಬೇಕು. ಅದನ್ನು ಟೈಟಾನಿಯಂ ಮಿಶ್ರಲೋಹದಲ್ಲಿ ಸುಮಾರು 500 ಗ್ರಾಂ ತೂಕಕ್ಕೆ ಇಳಿಸಿ, ಮಹಿಳೆಯರ ಕೈಚೀಲಕ್ಕೆ ಒಪ್ಪುವಂಥದು ಎಂದು ಪ್ರಚಾರ ಮಾಡಲಾಯಿತು. ಹಗುರ ಆಯುಧ ಕೈಗೂ ಹಗುರ ಎಂದು ತಿಳಿಯುವುದು ಸಹಜ, ಆದರೆ ಲೆಕ್ಕ ತಿರುಗುಮುರುಗು. ಒಂದೇ ತೋಟಾವನ್ನು ಅರ್ಧ ತೂಕದ ರಿವಾಲ್ವರ್‌ನಲ್ಲಿ ಹೊಡೆದಾಗ ಅಂಗೈಗೆ ಬರುವ ಒದೆತದ ಶಕ್ತಿ ಇಮ್ಮಡಿಯಾಗುತ್ತದೆ. ಹೊತ್ತು ತಿರುಗಲು ಹಗುರವಾದದ್ದು ಒಳ್ಳೆಯದು, ಕಲಿಯಲು ತೂಕವಿರುವುದು ಒಳ್ಳೆಯದು.

ಕೊಳ್ಳುವಾಗ ಪರವಾನಗಿಯಲ್ಲಿ ನಮೂದಾಗಿರುವ ಮಿತಿಯೊಳಗೆ, ಒಂದೇ ಲಾಟ್ (ಒಮ್ಮೆಗೆ ತಯಾರಾದ ಕಂತಿನ) ಸಂಖ್ಯೆಯ ಪೆಟ್ಟಿಗೆಗಳನ್ನು ಕೇಳಿ ತೆಗೆದುಕೊಳ್ಳಿ. ಬೇರೆ ಬೇರೆ ಲಾಟ್‌ಗಳ ತೋಟಾ ಬೆರೆತರೆ ಗುಂಡು ಬೀಳುವ ಜಾಗ ತುಸು ಬದಲಾಗಬಹುದು. ಹೊಸಬರಿಗೆ ಆಗ ತಪ್ಪು ಕೈಯದೋ ತೋಟಾದ್ದೋ ಎಂದು ತಿಳಿಯುವುದಿಲ್ಲ. ಮಿತಿ ಸಣ್ಣದಾಗಿರುವುದರಿಂದ ಅಭ್ಯಾಸದ ಹೆಚ್ಚಿನ ಪಾಲು ತೋಟಾವಿಲ್ಲದೆಯೇ ನಡೆಯಬೇಕು. ಸ್ಪ್ರಿಂಗ್ ಇರುವ ನಕಲಿ ತೋಟಾಗಳನ್ನು ತುಂಬಿ, ಅಸಲಿ ತೋಟಾ ಇರುವ ಕೋಣೆಯಿಂದ ದೂರದಲ್ಲಿ, ದಪ್ಪ ಗೋಡೆಯ ಕಡೆಗೆ ಗುರಿಯಿಟ್ಟು ಟ್ರಿಗರ್ ಎಳೆಯುವುದನ್ನು ಕಲಿಯಿರಿ. ಗುರಿ ನೋಡುವ ಮುಳ್ಳು ಅಲುಗದಂತೆ ಟ್ರಿಗರ್ ಬಿಡುವುದು ಬಂದ ಮೇಲೆ ಶೂಟಿಂಗ್ ರೇಂಜಿಗೆ ಹೋದರೆ ಒಂದೊಂದು ತೋಟಾವೂ ಸಾರ್ಥಕವಾಗುತ್ತದೆ. ತೋಟದ ಏರಿಯಲ್ಲಿ ತೆಂಗಿನ ಚಿಪ್ಪಿಟ್ಟು ಹೊಡೆಯುವ ಆಸೆಯನ್ನು ದಯವಿಟ್ಟು ಬಿಡಿ. ಅದು ಪರವಾನಗಿಯನ್ನು ಕಳೆಯುವ ಸುಲಭದ ದಾರಿ.

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್‌ನಲ್ಲಿದ್ದೇವೆ. ಯಜಮಾನರು 4 ಅಂಗುಲ ನಳಿಗೆಯ .357 ಮ್ಯಾಗ್ನಮ್ ರಿವಾಲ್ವರ್ ಕೊಂಡು ತಂದರು. ಅಂಗಡಿಯವರು ಮ್ಯಾಗ್ನಮ್ ತೋಟಾವನ್ನೇ ಕೊಟ್ಟರು. ರೇಂಜಿನಲ್ಲಿ ನಾನು ಒಂದು ಸುತ್ತು ಹೊಡೆಯುವಷ್ಟರಲ್ಲಿ ಅಂಗೈ ಉರಿಯತೊಡಗಿತು, ಸದ್ದಿಗೆ ಎದೆ ನಡುಗಿತು, ಗುಂಡುಗಳೆಲ್ಲ ಗುರಿಯ ಕೆಳಗೆ ಬಿದ್ದವು. ನನಗೆ ಇದು ಒಗ್ಗುವುದಿಲ್ಲ, ಹಗುರವಾದ ಪುಟ್ಟ ರಿವಾಲ್ವರ್ ಕೊಳ್ಳಬೇಕು ಎಂದು ಅಂಗಡಿಯವರು ಹೇಳುತ್ತಾರೆ. ಏನು ಮಾಡಲಿ?
— ಟೆಕ್ಸಸ್‌ನ ಓದುಗರೊಬ್ಬರು

ಉತ್ತರ: ರಿವಾಲ್ವರ್ ಬದಲಿಸಬೇಡಿ, ತೋಟಾ ಬದಲಿಸಿ. ನಿಮ್ಮ ಕೈಯಲ್ಲಿರುವುದು ಕಲಿಯಲು ಬಹಳ ಒಳ್ಳೆಯ ಆಯುಧ, ಏಕೆಂದರೆ ಸುಸ್ಥಿತಿಯಲ್ಲಿರುವ .357 ಮ್ಯಾಗ್ನಮ್ ರಿವಾಲ್ವರ್‌ನಲ್ಲಿ .38 ಸ್ಪೆಷಲ್ ತೋಟಾವನ್ನು ನಿರಾತಂಕವಾಗಿ ಬಳಸಬಹುದು. ಹೆಸರಿನಲ್ಲಿ .38 ಎಂದಿದ್ದರೂ ಗುಂಡಿನ ಅಡ್ಡಳತೆ ಎರಡರಲ್ಲೂ .357 ಅಂಗುಲವೇ. .38 ಸ್ಪೆಷಲ್ 1898ರಲ್ಲಿ ಬಂದ ತೋಟಾ. 1930ರ ದಶಕದ ನಡುವಿನಲ್ಲಿ ಅದನ್ನೇ ಹಿಗ್ಗಿಸಿ ಮ್ಯಾಗ್ನಮ್ ಮಾಡಿದಾಗ ಕೇಸನ್ನು ಸುಮಾರು 3 ಮಿ.ಮೀ. ಉದ್ದ ಮಾಡಿದರು. ಹೆಚ್ಚು ಮದ್ದು ಹಿಡಿಸುವುದು ಇದರ ಉದ್ದೇಶವಾಗಿರಲಿಲ್ಲ, ಅಷ್ಟು ಬಲವಾದ ತೋಟಾ ಹಳೆಯ .38 ರಿವಾಲ್ವರ್‌ಗಳೊಳಗೆ ಇಳಿಯದಂತೆ ತಡೆಯುವುದೇ ಮುಖ್ಯ ಕಾರಣವಾಗಿತ್ತು. ಆದ್ದರಿಂದ ಚಿಕ್ಕದನ್ನು ದೊಡ್ಡದರಲ್ಲಿ ಹಾಕಬಹುದು, ದೊಡ್ಡದನ್ನು ಚಿಕ್ಕದರಲ್ಲಿ ಹಾಕಲಾಗದು, ಹಾಕಲೂ ಬಾರದು.

ವ್ಯತ್ಯಾಸ ಎಷ್ಟೆಂದು ನೋಡಿ. ಸಾಧಾರಣ .38 ಸ್ಪೆಷಲ್‌ನ ಗರಿಷ್ಠ ಒತ್ತಡ 17,000 ಪೌಂಡ್, ಮ್ಯಾಗ್ನಮ್‌ನದು 35,000 ಪೌಂಡ್. .38 ಸ್ಪೆಷಲ್‌ನ 148 ಗ್ರೇನ್ ತೂಕದ ವ್ಯಾಡ್‌ಕಟರ್ (ಚಪ್ಪಟೆ ಮೂತಿಯ) ಗುಂಡು ಸೆಕೆಂಡಿಗೆ ಸುಮಾರು 700 ಅಡಿ ವೇಗದಲ್ಲಿ ಹೊರಬಿದ್ದರೆ, ಮ್ಯಾಗ್ನಮ್‌ನ 158 ಗ್ರೇನ್ ಗುಂಡು 1,200 ಅಡಿಯ ಆಸುಪಾಸಿನಲ್ಲಿರುತ್ತದೆ. ಒಂದೇ ರಿವಾಲ್ವರ್‌ನಲ್ಲಿ ಈ ಎರಡರ ಒದೆತದ ಶಕ್ತಿಯನ್ನು ಲೆಕ್ಕ ಹಾಕಿದರೆ ಮ್ಯಾಗ್ನಮ್‌ನದು ನಾಲ್ಕು ಪಟ್ಟು ಮೀರುತ್ತದೆ. ಹೊಸದಾಗಿ ಹಿಡಿದವರ ಕೈಗೆ ಮೊದಲ ದಿನವೇ ಇದನ್ನು ಕೊಟ್ಟದ್ದು ವ್ಯಾಪಾರದ ಜಾಣತನವಿರಬಹುದು, ಕಲಿಸುವ ಜಾಣತನವಂತೂ ಅಲ್ಲ.

ಗುಂಡುಗಳು ಕೆಳಗೆ ಬಿದ್ದದ್ದಕ್ಕೆ ಕಾರಣ ನಿಮ್ಮ ಕಣ್ಣಲ್ಲ. ಸೂಜಿ ಚುಚ್ಚುವ ಮೊದಲೇ ತೋಳು ಬಿಗಿದುಕೊಳ್ಳುವಂತೆ, ಬರಲಿರುವ ಒದೆತವನ್ನು ನಿರೀಕ್ಷಿಸಿ ಕೈ ಮುಂಚಿತವಾಗಿಯೇ ನಳಿಗೆಯನ್ನು ಕೆಳಕ್ಕೆ ಒತ್ತಿಬಿಡುತ್ತದೆ. ಇದು ಒಮ್ಮೆ ಅಭ್ಯಾಸವಾದರೆ ಬಿಡಿಸುವುದು ಕಷ್ಟ. ಅದಕ್ಕಾಗಿಯೇ ಮೊದಲ ಕೆಲವು ನೂರು ಈಡುಗಳು ಸೌಮ್ಯವಾದ ತೋಟಾದಲ್ಲೇ ಆಗಬೇಕು ಎಂದು ಒತ್ತಿ ಹೇಳುತ್ತೇನೆ.

ಅಂಗಡಿಯಲ್ಲಿ ‘.38 ಸ್ಪೆಷಲ್, 148 ಗ್ರೇನ್, ವ್ಯಾಡ್‌ಕಟರ್’ ಎಂದು ಕೇಳಿ. ಮೂತಿ ಚಪ್ಪಟೆಯಾದ ಸೀಸದ ಗುಂಡು ಬಹುಮಟ್ಟಿಗೆ ಕೇಸಿನೊಳಗೇ ಮುಳುಗಿರುವುದರಿಂದ ಅದು ನೋಡಲು ಮೊಂಡಾಗಿ, ಖಾಲಿ ಕೇಸಿನಂತೆ ಕಾಣುತ್ತದೆ; ಕಂಡು ಗಾಬರಿಯಾಗಬೇಡಿ. ಅದು ಸಿಗದಿದ್ದರೆ 158 ಗ್ರೇನ್‌ನ ದುಂಡು ಮೂತಿಯ ಸೀಸದ ಗುಂಡು, ಅಥವಾ 130 ಗ್ರೇನ್‌ನ ತಾಮ್ರದ ಹೊದಿಕೆಯ ಗುಂಡು ಇರುವ ಸಾಧಾರಣ ತೋಟಾ ಸಾಕು. ಹೆಸರಿನ ಮುಂದೆ ‘+ಪಿ’ ಎಂಬ ಗುರುತಿದ್ದರೆ ಅದು ಹೆಚ್ಚಿನ ಒತ್ತಡದ್ದು. ನಿಮ್ಮ ರಿವಾಲ್ವರ್ ಅದನ್ನು ತಾಳುತ್ತದೆ, ಆದರೆ ಕಲಿಯುವ ನಿಮಗೆ ಅದರ ಅಗತ್ಯವಿಲ್ಲ. ಬರೀ ‘.38 ಎಸ್ ಅಂಡ್ ಡಬ್ಲ್ಯು’ ಎಂದು ಬರೆದಿರುವ ಪೆಟ್ಟಿಗೆಯನ್ನು ತೆಗೆದುಕೊಳ್ಳಬೇಡಿ. ಅದು ಗಿಡ್ಡನೆಯ, ತುಸು ದಪ್ಪವಾದ ಬೇರೆಯೇ ತೋಟಾ. ಟೊಳ್ಳು ಮೂತಿಯ ದುಬಾರಿ ಗುಂಡುಗಳೂ ಈಗ ಬೇಡ, ಕಾಗದಕ್ಕೆ ತೂತು ಮಾಡಲು ಅವುಗಳಿಂದ ಏನೂ ಹೆಚ್ಚಿನ ಪ್ರಯೋಜನವಿಲ್ಲ. ಒಳಾಂಗಣ ರೇಂಜುಗಳಲ್ಲಿ ಕೆಲವರು ಹೊದಿಕೆಯಿಲ್ಲದ ಸೀಸದ ಗುಂಡನ್ನು ಬಿಡುವುದಿಲ್ಲ, ಕೆಲವರು ಅಯಸ್ಕಾಂತಕ್ಕೆ ಅಂಟುವ ಗುಂಡನ್ನು ಬಿಡುವುದಿಲ್ಲ. ಕೊಳ್ಳುವ ಮುನ್ನ ನಿಮ್ಮ ರೇಂಜಿನ ನಿಯಮ ಕೇಳಿ.

ಯಜಮಾನರಿಗೆ ಒಂದು ಕೆಲಸ ಕೊಡಿ. ಸಿಲಿಂಡರಿನ ಆರು ಗೂಡುಗಳಲ್ಲಿ ನಾಲ್ಕಕ್ಕೆ ತೋಟಾ, ಎರಡಕ್ಕೆ ಹೊಡೆದು ಖಾಲಿಯಾದ ಕೇಸು ಹಾಕಿ, ಯಾವುದು ಎಲ್ಲಿದೆ ಎಂದು ನಿಮಗೆ ಕಾಣದಂತೆ ಮುಚ್ಚಿ, ನಳಿಗೆ ಗುರಿಯ ಕಡೆಗೇ ಇರುವಂತೆ ಮೇಜಿನ ಮೇಲಿಟ್ಟು ಕೊಡಲಿ. ನೀವು ಎಂದಿನಂತೆ ಹೊಡೆಯುತ್ತಾ ಹೋಗಿ. ಖಾಲಿ ಕೇಸಿನ ಮೇಲೆ ಹ್ಯಾಮರ್ ‘ಟಕ್’ ಎಂದು ಬಿದ್ದ ಕ್ಷಣ ಮುಂದಿನ ಮುಳ್ಳು ಇದ್ದಲ್ಲೇ ಇದ್ದರೆ ನಿಮ್ಮ ಕೈ ಸರಿಯಾಗಿದೆ. ಅದು ಕೆಳಕ್ಕೆ ಕುಸಿದರೆ, ಗುಂಡೇ ಇಲ್ಲದಿದ್ದರೂ ಕೈ ಒದೆತಕ್ಕೆ ಹೆದರಿದೆ ಎಂದು ಇಬ್ಬರಿಗೂ ಕಣ್ಣಾರೆ ಕಾಣುತ್ತದೆ. ಇದನ್ನು ಯಜಮಾನರೂ ಮಾಡಿ ನೋಡಲಿ. ಮ್ಯಾಗ್ನಮ್ ಹೊಡೆಯಬಲ್ಲೆ ಎನ್ನುವವರ ಮುಳ್ಳು ಎಷ್ಟು ಕುಸಿಯುತ್ತದೆ ಎಂಬುದು ಅವರಿಗೇ ಆಶ್ಚರ್ಯ ತರಬಹುದು. ಆದರೆ ಈ ಅಭ್ಯಾಸದ ನಡುವೆ ಒಂದು ಎಚ್ಚರ ತಪ್ಪಬಾರದು: ಖಾಲಿ ಕೇಸು ಇರಬೇಕೆಂದು ಊಹಿಸಿ, ‘ಟಕ್’ ಎಂದ ಕೂಡಲೇ ಸಿಲಿಂಡರ್ ತೆರೆಯಬೇಡಿ. ಒಮ್ಮೊಮ್ಮೆ ಅಸಲಿ ತೋಟಾದ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು, ಆದ್ದರಿಂದ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ.

ಪುಟ್ಟ ರಿವಾಲ್ವರ್‌ನ ಸಲಹೆಯ ಬಗ್ಗೆ ಹೇಳುವುದಾದರೆ, ಹೆಣ್ಣುಮಕ್ಕಳು ಬಂದರೆ ಚಿಕ್ಕದನ್ನು ತೋರಿಸುವ ಪದ್ಧತಿ ಅಂಗಡಿಗಳಲ್ಲಿ ಹಳೆಯದು. ಅಲ್ಯೂಮಿನಿಯಂ ಚೌಕಟ್ಟಿನ, ಅರ್ಧ ಕಿಲೋಗಿಂತ ಕಡಿಮೆ ತೂಕದ, ಎರಡು ಅಂಗುಲ ನಳಿಗೆಯ ರಿವಾಲ್ವರ್ ಪರಿಣತರ ಕೈಗೂ ಕಷ್ಟ ಕೊಡುವಂಥದು. ಹಿಡಿ ಚಿಕ್ಕದು, ಗುರಿಯ ಮುಳ್ಳುಗಳ ನಡುವಿನ ಅಂತರ ಕಡಿಮೆ, ಒದೆತ ಹೆಚ್ಚು. ಅದರಲ್ಲಿ ಬಲವಾದ ತೋಟಾ ಹೊಡೆದಾಗ ಇನ್ನೂ ಹೊಡೆಯದೆ ಉಳಿದ ತೋಟಾಗಳ ಗುಂಡುಗಳು ಕುಲುಕಿಗೆ ಕೇಸಿನಿಂದ ಮುಂದಕ್ಕೆ ಜಾರಿ, ಸಿಲಿಂಡರ್ ತಿರುಗದಂತೆ ಸಿಕ್ಕಿಕೊಳ್ಳುವುದೂ ಇದೆ. ನಿಮ್ಮ ಒಂದು ಕಿಲೋ ಆಸುಪಾಸಿನ ಉಕ್ಕಿನ ರಿವಾಲ್ವರ್‌ನಲ್ಲಿ .38 ವ್ಯಾಡ್‌ಕಟರ್ ಹೊಡೆದರೆ ಅಂಗೈಗೆ ಬರುವುದು ಒಂದು ಮೆಲ್ಲನೆಯ ತಳ್ಳು ಮಾತ್ರ.

ಎಡಗೈಯ ಬೆರಳು ಸಿಲಿಂಡರಿನ ಮುಂಭಾಗಕ್ಕೆ ಚಾಚದಂತೆ ನೋಡಿಕೊಳ್ಳಿ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಿಂದ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮುತ್ತದೆ, ಅದು ಚರ್ಮವನ್ನು ಕೊಯ್ಯುವಷ್ಟು ಬಲವಾಗಿರುತ್ತದೆ. ಹೊಡೆಯುವಾಗ ಎಂದಿನ ಸದ್ದು ಬಾರದೆ ಕ್ಷೀಣವಾದ ‘ಟುಸ್’ ಎಂಬ ಸದ್ದು ಮಾತ್ರ ಬಂದರೆ ಅಲ್ಲಿಗೆ ನಿಲ್ಲಿಸಿ. ಗುಂಡು ನಳಿಗೆಯೊಳಗೆ ಸಿಕ್ಕಿರಬಹುದು, ಅದರ ಹಿಂದೆ ಮತ್ತೊಂದನ್ನು ಹೊಡೆದರೆ ನಳಿಗೆ ಒಡೆಯುತ್ತದೆ. ಗಿಡ್ಡ .38 ಕೇಸುಗಳನ್ನು ತುಂಬಾ ಹೊಡೆದಾಗ ಗೂಡಿನ ಮುಂಭಾಗದಲ್ಲಿ ಮಸಿಯ ಉಂಗುರ ಕಟ್ಟುತ್ತದೆ. ಮುಂದೆ ಎಂದಾದರೂ ಮ್ಯಾಗ್ನಮ್ ಹಾಕುವ ಮುನ್ನ ಬ್ರಷ್ ಹಾಕಿ ಅದನ್ನು ತೆಗೆಯದಿದ್ದರೆ ಉದ್ದದ ಕೇಸುಗಳು ಅಲ್ಲಿ ಬಿಗಿದುಕೊಳ್ಳುತ್ತವೆ. ರೇಂಜಿನಿಂದ ಹೊರಬಂದ ಮೇಲೆ ಕೈ ಮುಖ ತಣ್ಣೀರು ಸೋಪಿನಿಂದ ತೊಳೆದೇ ಊಟಕ್ಕೆ ಕೂರಿ. ಸೀಸದ ಧೂಳು ಮಕ್ಕಳಿಗೂ ಗರ್ಭಿಣಿಯರಿಗೂ ವಿಶೇಷವಾಗಿ ಹಾನಿಕರವಾದ್ದರಿಂದ, ರೇಂಜಿನ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳುವುದನ್ನೂ ತಪ್ಪಿಸಿ.

ಪ್ರಶ್ನೆ: ಏರ್ ಪಿಸ್ತೂಲಿನಿಂದ 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಗೆ ಬದಲಾಗಬೇಕೆಂದಿದ್ದೇನೆ. ಎಲ್ಲರೂ .32 ವ್ಯಾಡ್‌ಕಟರ್ ಬಳಸುವುದೇಕೆ? ರಿವಾಲ್ವರ್‌ನಲ್ಲಿ ಸ್ಪರ್ಧಿಸಬಹುದೇ?
— ಮೈಸೂರಿನ ವಿದ್ಯಾರ್ಥಿ

ಉತ್ತರ: ಸೆಂಟರ್‌ಫೈರ್ ಎಂದರೆ ಬುಡದ ನಡುವೆ ಪ್ರೈಮರ್ ಇರುವ ತೋಟಾ. ಈ ಸ್ಪರ್ಧೆಯ ನಿಯಮದ ಪ್ರಕಾರ 7.62ರಿಂದ 9.65 ಮಿ.ಮೀ. ವರೆಗಿನ ಬೋರ್ ಸಾಕಾಗುವುದರಿಂದ, ಆ ವ್ಯಾಪ್ತಿಯಲ್ಲಿ ಅತ್ಯಂತ ಕಡಿಮೆ ಒದೆಯುವ ಮತ್ತು ನಿಖರವಾದ ತೋಟಾವನ್ನೇ ಸ್ಪರ್ಧಿಗಳು ಆರಿಸಿಕೊಳ್ಳುತ್ತಾರೆ. ಆ ಜಾಗಕ್ಕೆ .32 ಲಾಂಗ್ ವ್ಯಾಡ್‌ಕಟರ್ ಹೇಳಿ ಮಾಡಿಸಿದಂತಿದೆ. ಸ್ಪರ್ಧೆಯ ಎರಡನೇ ಹಂತದಲ್ಲಿ ಗುರಿ ಪ್ರತಿ ಸಲ ಮೂರೇ ಸೆಕೆಂಡು ಕಾಣಿಸಿಕೊಳ್ಳುವುದರಿಂದ ಅಷ್ಟರೊಳಗೆ ಕೈ ಎತ್ತಿ ಒಂದು ಈಡು ಹೊಡೆಯಬೇಕಾಗುತ್ತದೆ. ಜೊತೆಗೆ ಚಪ್ಪಟೆ ಮೂತಿಯ ಗುಂಡು ಕಾಗದವನ್ನು ಹರಿಯದೆ ದುಂಡಗೆ ಕತ್ತರಿಸುತ್ತದೆ. ತೂತಿನ ಅಂಚು ಮೇಲಿನ ವೃತ್ತದ ಗೆರೆಯನ್ನು ಮುಟ್ಟಿದೆಯೇ ಇಲ್ಲವೇ ಎಂಬ ವಾದಕ್ಕೆ ಎಡೆಯಿರುವುದಿಲ್ಲ. ಭಾರತದ ಪಿಸ್ತೂಲು ಶೂಟರ್ ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 590 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದ್ದು ಇದೇ ಸ್ಪರ್ಧೆಯಲ್ಲಿ.

ಟ್ರಿಗರಿನ ತೂಕ 1,000 ಗ್ರಾಂಗೆ ಕಡಿಮೆಯಿರದ, ಅಳತೆಯ ನಿಯಮಗಳಿಗೆ ಒಳಪಡುವ ರಿವಾಲ್ವರ್‌ನಲ್ಲಿ ಸ್ಪರ್ಧಿಸಬಹುದು. ಕ್ಲಬ್ಬಿನ ಆಯುಧದಲ್ಲಿ ಆರಂಭಿಸಿ, ಅಲ್ಲಿ ಯಾವ ತಯಾರಿಕೆಯ ತೋಟಾ ಹೆಚ್ಚು ಒತ್ತಾಗಿ ಬೀಳುತ್ತದೆಯೋ ಅದನ್ನೇ ಮುಂದುವರಿಸಿ. ಆಯುಧದಿಂದ ಆಯುಧಕ್ಕೆ ಇದು ಬದಲಾಗುವುದರಿಂದ ಬೇರೆಯವರ ಇಷ್ಟವನ್ನು ನಕಲು ಮಾಡಿ ಪ್ರಯೋಜನವಿಲ್ಲ.

ಪ್ರಶ್ನೆ: ತೀರಿಹೋದ ತಂದೆಯವರ ಟ್ರಂಕಿನಲ್ಲಿ ರಿವಾಲ್ವರ್ ಜೊತೆ ಹಳೆಯ ತೋಟಾಗಳು ಸಿಕ್ಕಿವೆ. ಕೆಲವು ಹಸಿರುಗಟ್ಟಿವೆ. ಒರೆಸಿ ಎಣ್ಣೆ ಹಚ್ಚಿಟ್ಟರೆ ನಾನು ಶೂಟಿಂಗ್ ಕಲಿಯಲು ಉಪಯೋಗಿಸಬಹುದೇ?
— ತೀರ್ಥಹಳ್ಳಿಯ ಓದುಗರು

ಉತ್ತರ: ಎಣ್ಣೆ ಹಚ್ಚಬೇಡಿ. ಪ್ರೈಮರಿನ ಸಂದಿಯಿಂದ ಎಣ್ಣೆ ಒಳಗಿಳಿದರೆ ಚೆನ್ನಾಗಿರುವ ತೋಟಾವೂ ಕೆಡುತ್ತದೆ. ಹಸಿರುಗಟ್ಟಿದ ಹಿತ್ತಾಳೆ ತೆಳುವಾಗಿ ಬಿರುಕು ಬಿಟ್ಟಿರಬಹುದು. ಮಲೆನಾಡಿನ ಮಳೆಗಾಲಗಳನ್ನು ಟ್ರಂಕಿನಲ್ಲಿ ಕಳೆದ ಮದ್ದು ಹೊತ್ತದಿರಬಹುದು, ತಡವಾಗಿ ಹೊತ್ತಬಹುದು, ಅಥವಾ ಗುಂಡನ್ನು ನಳಿಗೆಯ ನಡುವಿನವರೆಗೆ ಮಾತ್ರ ತಳ್ಳಬಹುದು. ಹೊಸಬರು ಈ ಮೂರನ್ನೂ ಗುರುತಿಸಲಾರರು. ಹೊಸ ತೋಟಾದ ಬೆಲೆ ಎಷ್ಟೇ ಇರಲಿ, ಕಲಿಯುವವರಿಗೆ ಹಳೆಯ ತೋಟಾ ಬೇಡವೇ ಬೇಡ.

ಅದಕ್ಕಿಂತ ಮೊದಲಿನ ಪ್ರಶ್ನೆ ನಿಮ್ಮ ಹೆಸರಿನಲ್ಲಿ ಪರವಾನಗಿ ಇದೆಯೇ ಎಂಬುದು. 1959ರ ಆಯುಧ ಕಾಯ್ದೆಯ 21ನೇ ಕಲಮಿನಂತೆ, ಪರವಾನಗಿದಾರರು ತೀರಿಕೊಂಡ ಮೇಲೆ ಆಯುಧವನ್ನೂ ತೋಟಾಗಳನ್ನೂ ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ, ಇಲ್ಲವೇ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ರಿವಾಲ್ವರ್ ತುಂಬಿದೆಯೋ ಖಾಲಿಯೋ ನಿಮಗೆ ತಿಳಿಯದಿದ್ದರೆ ಅದನ್ನು ಮುಟ್ಟದೆ ಟ್ರಂಕಿಗೆ ಬೀಗ ಹಾಕಿ, ಠಾಣೆಗೆ ಲಿಖಿತವಾಗಿ ತಿಳಿಸಿ, ಅವರ ಸಿಬ್ಬಂದಿಯೇ ಬಂದು ಪರೀಕ್ಷಿಸುವಂತೆ ಕೇಳಿಕೊಳ್ಳಿ. ಕೊಟ್ಟದ್ದಕ್ಕೆ ರಸೀದಿ ಪಡೆದು, ಅದರಲ್ಲಿ ರಿವಾಲ್ವರ್‌ನ ಸಂಖ್ಯೆಯನ್ನೂ ತೋಟಾಗಳ ಎಣಿಕೆಯನ್ನೂ ಬರೆಸಿಕೊಳ್ಳಿ. ಮುಂದೆ ವಾರಸುದಾರರಾಗಿ ಪರವಾನಗಿಗೆ ಅರ್ಜಿ ಹಾಕುವಾಗ ಆ ರಸೀದಿ ಬೇಕಾಗುತ್ತದೆ.